ಒಂದೇ ಅಡಾಪ್ಟರ್‌ನಿಂದ ಏಳು ಗಿಟಾರ್ ಪೆಡಲ್: ಈ ಕೀರಲು ಸದ್ದು ಎಲ್ಲಿಂದ ಬರುತ್ತಿದೆ?

ಆರು_ತಂತಿ

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಒಂದು ಆರ್ಕೆಸ್ಟ್ರಾ ತಂಡದಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತೇನೆ. ಆರತಕ್ಷತೆ, ಗಣೇಶೋತ್ಸವ, ರಾಜ್ಯೋತ್ಸವದ ಕಾರ್ಯಕ್ರಮಗಳಿಗೆ ಹೋಗುವವರು ನಾವು. ವೇದಿಕೆ ಕಟ್ಟಿ ಮುಗಿಸುವಷ್ಟರಲ್ಲಿ ಜನ ಕುಳಿತಿರುತ್ತಾರೆ, ಆದ್ದರಿಂದ ಪೆಡಲ್‌ಗಳನ್ನು (ಗಿಟಾರ್‌ನ ದನಿಯನ್ನು ಬದಲಿಸುವ, ಕಾಲಿನಿಂದ ಒತ್ತುವ ಪೆಟ್ಟಿಗೆಗಳನ್ನು) ಜೋಡಿಸಲು ಹತ್ತು ನಿಮಿಷಕ್ಕಿಂತ ಹೆಚ್ಚು ಸಮಯ ಸಿಗುವುದಿಲ್ಲ. ಇದುವರೆಗೆ ಪ್ರತಿಯೊಂದು ಪೆಡಲ್‌ಗೂ ಒಂದೊಂದು ಅಡಾಪ್ಟರ್ ಇಟ್ಟುಕೊಂಡು, ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಅವು ಒಂದರ ಪಕ್ಕ ಒಂದು ಹಿಡಿಸದೆ ಪರದಾಡುತ್ತಿದ್ದೆ. ಕಳೆದ ತಿಂಗಳು ಎಲ್ಲವನ್ನೂ ಒಂದು ಹಲಗೆಯ ಮೇಲೆ ಕೂರಿಸಿ, 9 ವೋಲ್ಟ್, 2 ಆಂಪಿಯರ್ ಎಂದು ಬರೆದಿರುವ ಒಂದೇ ಅಡಾಪ್ಟರ್ ಮತ್ತು ಅದರ ಕರೆಂಟನ್ನು ಹಲವು ಪೆಡಲ್‌ಗಳಿಗೆ ಹಂಚುವ, ಎಂಟು ಕವಲುಗಳ ಡೈಸಿ ಚೈನ್ ಕೇಬಲ್ ಕೊಂಡು ತಂದೆ.

ಪೆಡಲ್‌ಗಳ ಹಿಂಬದಿಯಲ್ಲಿಯೂ ಕೈಪಿಡಿಗಳಲ್ಲಿಯೂ ಇರುವ ಲೆಕ್ಕ ಹೀಗಿದೆ: ಟ್ಯೂನರ್ 30 ಮಿಲಿಆಂಪಿಯರ್, ಓವರ್‌ಡ್ರೈವ್ 8, ಡಿಸ್ಟಾರ್ಷನ್ 10, ಅನಲಾಗ್ ಕೋರಸ್ 20, ಡಿಜಿಟಲ್ ಡಿಲೇ 65, ಡಿಜಿಟಲ್ ರಿವರ್ಬ್ 100. ಒಟ್ಟು 233. ಏಳನೆಯದು ಗೆಳೆಯರೊಬ್ಬರು ಕೈಯಾರೆ ಮಾಡಿಕೊಟ್ಟ ಫಜ್. ಅದರಲ್ಲಿ ಎರಡು ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳಿವೆ, ಅದಕ್ಕೆ ಎಷ್ಟು ಬೇಕೆಂಬುದನ್ನು ಎಲ್ಲಿಯೂ ಬರೆದಿಲ್ಲ.

ನನ್ನ ತೊಂದರೆಗಳು ಮೂರು. ಮೊದಲನೆಯದಾಗಿ, ಎಂಟು ಮಿಲಿಆಂಪಿಯರ್ ಸಾಕಾಗುವ ಓವರ್‌ಡ್ರೈವ್‌ಗೆ ಎರಡು ಸಾವಿರ ಮಿಲಿಆಂಪಿಯರ್‌ನ ಅಡಾಪ್ಟರ್ ಹಾಕಿದರೆ ಅದು ಸುಟ್ಟುಹೋಗುತ್ತದೆಂದು ನಮ್ಮ ಕೀಬೋರ್ಡ್ ವಾದಕರು ಹೆದರಿಸುತ್ತಿದ್ದಾರೆ. ಎರಡನೆಯದಾಗಿ, ಡಿಸ್ಟಾರ್ಷನ್ ಒತ್ತಿದ ಕೂಡಲೇ, ನಾನು ಏನೂ ನುಡಿಸದಿದ್ದರೂ, ಆಂಪ್‌ನಿಂದ (ಆಂಪ್ಲಿಫೈಯರ್‌ನಿಂದ) ಸಣ್ಣದೊಂದು ಕೀರಲು ಸದ್ದು ಬರುತ್ತದೆ. ಬೇರೆ ಬೇರೆ ಅಡಾಪ್ಟರ್‌ಗಳಿದ್ದಾಗ ಇದು ಇರಲಿಲ್ಲ. ಮೂರನೆಯದಾಗಿ, ಫಜ್ ಪೆಡಲ್‌ಗೆ ಚೈನ್‌ನ ಕವಲನ್ನು ಚುಚ್ಚಿ, ಪೆಡಲ್‌ನಿಂದ ಪೆಡಲ್‌ಗೆ ಸಿಗ್ನಲ್ ಒಯ್ಯುವ ಪ್ಯಾಚ್ ಕೇಬಲ್ ಸೇರಿಸಿದ ಕ್ಷಣದಲ್ಲಿಯೇ ಹಲಗೆಯ ಮೇಲಿನ ಎಲ್ಲ ದೀಪಗಳೂ ಆರಿಹೋಗುತ್ತವೆ, ಫಜ್ ತೆಗೆದರೆ ಮತ್ತೆ ಹತ್ತಿಕೊಳ್ಳುತ್ತವೆ. ದುಬಾರಿ ಪವರ್ ಸಪ್ಲೈ ಕೊಳ್ಳದೆ ಇದಕ್ಕೆ ದಾರಿ ಇದೆಯೇ?

ಬೆಸುಗೆಕಡ್ಡಿ

ಮೊದಲು ಭಯ ಬಿಡಿ. ಮನೆಯ ಮೇಲಿನ ಟ್ಯಾಂಕಿನಲ್ಲಿ ಎರಡು ಸಾವಿರ ಲೀಟರ್ ನೀರಿದೆ ಎಂಬ ಕಾರಣಕ್ಕೆ ನಲ್ಲಿಯ ಕೆಳಗಿಟ್ಟ ಚೊಂಬು ಒಡೆಯುವುದಿಲ್ಲ. ಆಂಪಿಯರ್ ಎಂಬುದು ಅಡಾಪ್ಟರ್ ಎಷ್ಟು ಕೊಡಬಲ್ಲದು ಎಂಬ ಮಿತಿಯೇ ಹೊರತು ಅದು ಒತ್ತಾಯದಿಂದ ತುರುಕುವ ಪ್ರಮಾಣವಲ್ಲ. ಪೆಡಲ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಒಡೆಯುವ ಸಂಭವವಿರುವುದು ಟ್ಯಾಂಕನ್ನು ತೀರ ಎತ್ತರಕ್ಕೆ ಏರಿಸಿದಾಗ, ಅಂದರೆ ವೋಲ್ಟೇಜ್ ಹೆಚ್ಚಾದಾಗ. ಚೈನ್‌ನಲ್ಲಿ ಎಲ್ಲ ಪೆಡಲ್‌ಗಳಿಗೂ ಒಂದೇ ವೋಲ್ಟೇಜ್ ಸಿಗುತ್ತದೆ, ಕರೆಂಟ್ ಮಾತ್ರ ಕೂಡುತ್ತಾ ಹೋಗುತ್ತದೆ. ನಿಮ್ಮ 233ಕ್ಕೆ ಕಾಲು ಪಾಲು ಹೆಚ್ಚಿಗೆ ಸೇರಿಸಿಕೊಂಡರೂ ಮುನ್ನೂರರ ಆಸುಪಾಸಿನಲ್ಲಿದ್ದೀರಿ.

ಆದರೆ ಅಡಾಪ್ಟರ್ ಮೇಲೆ 9 ಎಂದು ಬರೆದಿರುವುದನ್ನು ನಂಬಿ ಸುಮ್ಮನಿರಬೇಡಿ, ಮಲ್ಟಿಮೀಟರ್ ಇಟ್ಟು ನೋಡಿ. ಹಳೆಯ ಕಾಲದ, ಒಳಗೆ ವೋಲ್ಟೇಜನ್ನು ಸ್ಥಿರವಾಗಿಡುವ ರೆಗ್ಯುಲೇಟರ್ ಇಲ್ಲದ ಭಾರದ ಅಡಾಪ್ಟರ್‌ಗಳು ಏನನ್ನೂ ಜೋಡಿಸದಿದ್ದಾಗ 12 ವೋಲ್ಟ್‌ಗೂ ಮೇಲೆ ತೋರಿಸುವುದು ಸಾಮಾನ್ಯ. ಸಾದಾ ಡಿಸ್ಟಾರ್ಷನ್ ಪೆಡಲ್ ಇದನ್ನು ತಡೆದುಕೊಳ್ಳಬಹುದು. ಆದರೆ ಒಳಗೆ ವೋಲ್ಟೇಜನ್ನು ದ್ವಿಗುಣಗೊಳಿಸುವ ಐಸಿಎಲ್ 7660 ಅಥವಾ ಮ್ಯಾಕ್ಸ್ 1044 ಚಿಪ್ ಇರುವ ಪೆಡಲ್‌ಗಳಿಗೆ ಹತ್ತು ವೋಲ್ಟ್ ದಾಟುವುದೇ ಅಪಾಯ. ಕ್ಲಾನ್ ಸೆಂಟಾರ್ ಮಾದರಿಯ ಓವರ್‌ಡ್ರೈವ್‌ಗಳು ಈ ಜಾತಿಗೆ ಸೇರಿದವು. ಪ್ಲಗ್‌ನ ನಡುವಿನ ತೂತು ನೆಗೆಟಿವ್, ಹೊರಮೈ ಪಾಸಿಟಿವ್ ಆಗಿರಬೇಕು ಎಂಬುದು ನಿಮಗೆ ತಿಳಿದೇ ಇರುತ್ತದೆ. ಟಿವಿ ಪೆಟ್ಟಿಗೆ, ರೌಟರ್‌ಗಳ ಅಡಾಪ್ಟರ್‌ಗಳು ಬಹುತೇಕ ಇದಕ್ಕೆ ತಿರುಗುಮುರುಗಾಗಿರುತ್ತವೆ, ಪ್ಲಗ್ ಸರಿಯಾಗಿ ಕೂರುತ್ತದೆಂದು ಅವನ್ನು ಚುಚ್ಚಬಾರದು. ಪೆಡಲ್‌ಗಳಲ್ಲಿ ಮಾತ್ರ ಹೀಗೇಕೆಂದರೆ, ಅಡಾಪ್ಟರ್ ಚುಚ್ಚಿದಾಗ ಒಳಗಿನ ಬ್ಯಾಟರಿಯ ಪಾಸಿಟಿವ್ ತಂತಿಯನ್ನು ಕಡಿದುಹಾಕುವ ಸ್ವಿಚ್ ಆ ಸಾಕೆಟ್‌ನ ಹೊರಮೈಯ ಕಡೆಗಿದೆ. ಬ್ಯಾಟರಿಯ ಕಾಲದ ಆ ಅನುಕೂಲವೇ ಇಂದಿಗೂ ರೂಢಿಯಾಗಿ ಉಳಿದುಬಂದಿದೆ.

ಇನ್ನು ಕೀರಲು ಸದ್ದು. ಇದು ಅಡಾಪ್ಟರ್‌ಗೆ ಶಕ್ತಿ ಸಾಲದೆ ಬಂದದ್ದಲ್ಲ, ಆದ್ದರಿಂದ ಇನ್ನೂ ದೊಡ್ಡ ಅಡಾಪ್ಟರ್ ತಂದರೆ ಹೋಗುವುದೂ ಇಲ್ಲ. ನಾಲ್ಕು ಮನೆಗಳ ಬಚ್ಚಲಿಗೆ ಒಂದೇ ಕೊಳವೆಯ ಹೊರದಾರಿ ಇದ್ದರೆ, ಮೇಲಿನವರು ಬಕೆಟ್ ಸುರಿದಾಗಲೆಲ್ಲ ಕೆಳಗಿನವರ ಬಚ್ಚಲಲ್ಲಿ ನೀರು ಏರುತ್ತದಲ್ಲ, ಹಾಗೆ. ಡಿಜಿಟಲ್ ಡಿಲೇ ಮತ್ತು ರಿವರ್ಬ್ ತಮ್ಮ ಕರೆಂಟನ್ನು ಒಂದೇ ಸಮನೆ ಎಳೆಯುವುದಿಲ್ಲ. ಒಳಗಿನ ಗಡಿಯಾರದ ಬಡಿತಕ್ಕೆ ತಕ್ಕಂತೆ ತುಂಡು ತುಂಡಾಗಿ ಎಳೆಯುತ್ತವೆ. ಆ ಕರೆಂಟ್ ಹಿಂದಿರುಗುವ ನೆಗೆಟಿವ್ ತಂತಿಗೆ ಎಷ್ಟು ಚಿಕ್ಕದಾದರೂ ಒಂದು ರೋಧವಿದೆ. ಹತ್ತರಲ್ಲೊಂದು ಓಮ್ ಎಂದುಕೊಳ್ಳಿ. ನೂರು ಮಿಲಿಆಂಪಿಯರ್‌ನ ಬಡಿತ ಅದರಲ್ಲಿ ಹರಿದಾಗ ಹತ್ತು ಮಿಲಿವೋಲ್ಟ್ ಏರಿಳಿತ ಹುಟ್ಟುತ್ತದೆ. ಅದೇ ತಂತಿ ಡಿಸ್ಟಾರ್ಷನ್ ಪೆಡಲ್‌ನ ಗ್ರೌಂಡ್ (ಸಿಗ್ನಲನ್ನು ಅಳೆಯುವ ಸೊನ್ನೆಯ ನೆಲೆ) ಕೂಡ ಹೌದು, ಮತ್ತು ಪ್ಯಾಚ್ ಕೇಬಲ್‌ನ ಹೊರಜಾಲರಿಯ ಮೂಲಕ ಎರಡನೆಯ ದಾರಿಯಲ್ಲಿಯೂ ಅದಕ್ಕೆ ಸೇರಿಕೊಂಡಿದೆ. ಆ ಹತ್ತರಲ್ಲಿ ಒಂದೇ ಒಂದು ಮಿಲಿವೋಲ್ಟ್ ಸಿಗ್ನಲ್‌ನೊಳಗೆ ಬೆರೆತರೂ, ನೂರು ಪಟ್ಟು ಹಿಗ್ಗಿಸುವ ಡಿಸ್ಟಾರ್ಷನ್‌ನಿಂದ ಹೊರಬರುವಷ್ಟರಲ್ಲಿ ಅದು ಗಿಟಾರ್ ತಂತಿ ಮೀಟಿದಷ್ಟೇ ದೊಡ್ಡದಾಗಿರುತ್ತದೆ. ನೀವು ಡಿಸ್ಟಾರ್ಷನ್ ಒತ್ತಿದಾಗ ಮಾತ್ರ ಕೇಳಿಸುತ್ತದೆ ಎಂದದ್ದು ಇದಕ್ಕೇ.

ಈ ಸಂಜೆ ಒಂದು ಪರೀಕ್ಷೆ ಮಾಡಿ. ಡಿಲೇ ಮತ್ತು ರಿವರ್ಬ್‌ಗಳನ್ನು ಚೈನ್‌ನಿಂದ ಬಿಡಿಸಿ, ಅವುಗಳ ಹಳೆಯ ಅಡಾಪ್ಟರ್‌ಗಳಿಗೆ ಹಾಕಿ. ಉಳಿದ ನಾಲ್ಕು ಚೈನ್‌ನಲ್ಲಿಯೇ ಇರಲಿ. ಸದ್ದು ನಿಂತರೆ ಕಾರಣ ಖಚಿತ. ಅದು ಸಣ್ಣ ಕೀರಲು ಸದ್ದಲ್ಲದೆ ದಪ್ಪನೆಯ ಗುಂಯ್ ಎಂಬ ಸದ್ದಾಗಿದ್ದರೆ ಮನೆಯ 50 ಹರ್ಟ್ಸ್ ವಿದ್ಯುತ್ತಿನ ಕಡೆಗೆ ನೋಡಬೇಕಾಗುತ್ತದೆ. ಹಾಗಿದ್ದಾಗ ಗಿಟಾರ್‌ನ ವಾಲ್ಯೂಮನ್ನು ಸೊನ್ನೆಗೆ ತಿರುಗಿಸಿ. ಆಗ ಗುಂಯ್ ಅಡಗಿದರೆ ಅದು ಪಿಕಪ್ ಹಿಡಿಯುತ್ತಿರುವ ಸದ್ದು, ಪವರ್ ಸಪ್ಲೈಯ ತಪ್ಪಲ್ಲ.

ನಾಲ್ಕು_ತಂತಿ

ಬೆಸುಗೆಕಡ್ಡಿಯವರ ವಿವರಣೆಗೆ ನನ್ನ ತಕರಾರಿಲ್ಲ, ಆದರೆ ಡೈಸಿ ಚೈನ್ ಎಂದರೇ ಕೆಟ್ಟದ್ದು ಎಂಬ ಅಭಿಪ್ರಾಯ ಓದುಗರಲ್ಲಿ ಉಳಿಯಬಾರದು. ನಾನು ಬಾಸ್ ನುಡಿಸುವವನು. ಕಂಪ್ರೆಸರ್, ಪ್ರಿಆಂಪ್, ಅನಲಾಗ್ ಕೋರಸ್ ಮೂರನ್ನೂ ಟ್ರೂಟೋನ್ ಕಂಪನಿಯ 1700 ಮಿಲಿಆಂಪಿಯರ್‌ನ ವನ್ ಸ್ಪಾಟ್ ಅಡಾಪ್ಟರ್‌ನಲ್ಲಿ ಒಂದೇ ಚೈನ್‌ಗೆ ಹಾಕಿ ವರ್ಷಗಟ್ಟಲೆ ನುಡಿಸಿದ್ದೇನೆ, ಒಂದು ಚೂರು ಸದ್ದಿಲ್ಲ. ಅನಲಾಗ್ ಪೆಡಲ್‌ಗಳು, ಅದರಲ್ಲಿಯೂ ಒಂದೇ ಜಾತಿಯ ಗ್ರೌಂಡ್ ಇರುವವು, ಒಂದೇ ಚೈನ್‌ನಲ್ಲಿ ಸುಖವಾಗಿರುತ್ತವೆ. ಮೂರೇ ಪೆಡಲ್ ಇರುವವರು ಸಹ ಬಿಡಿಬಿಡಿ ಔಟ್‌ಪುಟ್‌ಗಳ ದೊಡ್ಡ ಸಪ್ಲೈಗೆ ದುಡ್ಡು ಸುರಿಯುವುದನ್ನು ನೋಡಿ ಇದನ್ನು ಬರೆಯಬೇಕಾಯಿತು.

ಇನ್ನೊಂದು ದಾರಿಯನ್ನೂ ಹೇಳುತ್ತೇನೆ. ಪಿಡಿ (ಯುಎಸ್‌ಬಿ ಪವರ್ ಡೆಲಿವರಿ) ಸೌಲಭ್ಯವಿರುವ ಪವರ್ ಬ್ಯಾಂಕ್‌ನಿಂದ 9 ವೋಲ್ಟ್ ಕೇಳಿ ಪಡೆಯುವ ಟ್ರಿಗರ್ ಕೇಬಲ್‌ಗಳು ಈಗ ಸಿಗುತ್ತವೆ. ವೇದಿಕೆಯಲ್ಲಿ ಕರೆಂಟ್ ಹೋದರೂ ಪೆಡಲ್‌ಗಳು ಆರುವುದಿಲ್ಲ.

ಬೆಸುಗೆಕಡ್ಡಿ

ಒಪ್ಪುತ್ತೇನೆ, ಎರಡು ಷರತ್ತುಗಳೊಂದಿಗೆ. ಬಹಳ ಕಡಿಮೆ ಕರೆಂಟ್ ಎಳೆದರೆ ಕೆಲವು ಪವರ್ ಬ್ಯಾಂಕ್‌ಗಳು ಕೆಲಸ ಮುಗಿಯಿತೆಂದು ತಿಳಿದು ತಾವಾಗಿಯೇ ಆರಿಹೋಗುತ್ತವೆ; ಹಾಡಿನ ನಡುವೆ ಹಾಗಾದರೆ ಕಷ್ಟ. ಮತ್ತು ಪವರ್ ಬ್ಯಾಂಕ್ ಗೋಡೆಯ ಗುಂಯ್ ಸದ್ದನ್ನು ದೂರವಿಡಬಹುದೇ ಹೊರತು, ಅದರ ಮುಂದೆ ಅದೇ ಚೈನ್ ಇದ್ದರೆ ಡಿಲೇಯ ಕೀರಲು ಸದ್ದು ಹಾಗೆಯೇ ಇರುತ್ತದೆ, ಏಕೆಂದರೆ ಹಂಚಿಕೊಂಡಿರುವುದು ಹಿಂದಿರುಗುವ ದಾರಿಯನ್ನು.

ಹಳೆಯ_ಫಜ್

ಮೂರನೆಯ ಪ್ರಶ್ನೆಗೆ ಉತ್ತರಿಸುವವರು ಯಾರೂ ಇಲ್ಲದ್ದರಿಂದ ನಾನು ಬಂದೆ. ನಿಮ್ಮ ಗೆಳೆಯರು ಮಾಡಿದ ಫಜ್‌ನಲ್ಲಿ ಎಸಿ 128 ಅಥವಾ ಎನ್‌ಕೆಟಿ 275 ಎಂಬ ಹೆಸರಿನ ಟ್ರಾನ್ಸಿಸ್ಟರ್‌ಗಳಿವೆಯೇ ನೋಡಿ. 1966ರಲ್ಲಿ ಬಂದ ಫಜ್ ಫೇಸ್ ಎಂಬ ಪೆಡಲ್‌ನ ಮೊದಲ ಮಾದರಿಗಳಲ್ಲಿದ್ದಂತೆ ಇವು ಪಿಎನ್‌ಪಿ ಎಂಬ ಜಾತಿಯ ಟ್ರಾನ್ಸಿಸ್ಟರ್‌ಗಳು, ಮತ್ತು ಇಂಥ ಫಜ್‌ಗಳನ್ನು ಸಾಮಾನ್ಯವಾಗಿ ಪಾಸಿಟಿವ್ ಗ್ರೌಂಡ್ ಇಟ್ಟು ಕಟ್ಟುತ್ತಾರೆ. ಅಂದರೆ ಅದರ ಜ್ಯಾಕ್‌ನ ಹೊರಭಾಗ, ಪೆಟ್ಟಿಗೆಯ ಲೋಹ, ಪ್ಯಾಚ್ ಕೇಬಲ್‌ನ ಜಾಲರಿ ಎಲ್ಲವೂ ಸಪ್ಲೈಯ ಪಾಸಿಟಿವ್‌ಗೆ ಸೇರಿರುತ್ತವೆ. ನಿಮ್ಮ ಉಳಿದ ಆರು ಪೆಡಲ್‌ಗಳಲ್ಲಿ ಅದೇ ಜಾಲರಿ ನೆಗೆಟಿವ್‌ಗೆ ಸೇರಿದೆ. ಎರಡನ್ನೂ ಒಂದೇ ಚೈನ್‌ಗೆ ಹಾಕಿ ಪ್ಯಾಚ್ ಕೇಬಲ್‌ನಿಂದ ಜೋಡಿಸಿದಾಗ, ಅಡಾಪ್ಟರ್‌ನ ಪಾಸಿಟಿವ್ ಮತ್ತು ನೆಗೆಟಿವ್‌ಗಳನ್ನು ಆ ಕೇಬಲ್‌ನ ಜಾಲರಿಯ ಮೂಲಕ ನೀವೇ ಕೈಯಾರೆ ಶಾರ್ಟ್ ಮಾಡಿದಂತಾಯಿತು. ಒಳಗಿನ ರಕ್ಷಣಾ ಸರ್ಕ್ಯೂಟ್ ಎಚ್ಚೆತ್ತು ಎಲ್ಲವನ್ನೂ ಆರಿಸಿದ್ದು ನಿಮ್ಮ ಪುಣ್ಯ. ಅಂಥದ್ದಿಲ್ಲದ ಅಡಾಪ್ಟರ್ ಆಗಿದ್ದರೆ ಹೊಗೆ ಬರುತ್ತಿತ್ತು. ಇನ್ನೊಮ್ಮೆ ಪ್ರಯತ್ನಿಸಬೇಡಿ.

ಪ್ಲಗ್‌ನ ಧ್ರುವ ತಿರುಗಿಸುವ ಕೇಬಲ್ ತಂದರೆ ಸರಿಹೋಗುತ್ತದೆಂದು ಅಂಗಡಿಯವರು ಹೇಳಬಹುದು. ಸರಿಹೋಗುವುದಿಲ್ಲ. ಹಂಚಿಕೊಂಡ ಸಪ್ಲೈಯಲ್ಲಿ ಪ್ಲಗ್ ಹೇಗೆ ತಿರುಗಿಸಿದರೂ ಒಳಗಿನ ಸರ್ಕ್ಯೂಟ್‌ನ ಗ್ರೌಂಡ್ ಬದಲಾಗುವುದಿಲ್ಲ; ಪೆಡಲ್‌ಗೆ ತಲೆಕೆಳಗಾದ ವೋಲ್ಟೇಜ್ ಸಿಕ್ಕಿ ಟ್ರಾನ್ಸಿಸ್ಟರ್‌ಗಳಿಗೇ ಕುತ್ತು ಬರುತ್ತದೆ. ಉಪಾಯವಿರುವುದು ಫಜ್‌ಗೆ ಯಾರೊಂದಿಗೂ ಹಂಚಿಕೊಳ್ಳದ ಸಪ್ಲೈ ಕೊಡುವುದರಲ್ಲಿ, ಮತ್ತು ಅಂಥ ಸಪ್ಲೈಗಳಲ್ಲಿ ಅತ್ಯಂತ ಅಗ್ಗವಾದದ್ದು 9 ವೋಲ್ಟ್‌ನ ಚೌಕ ಬ್ಯಾಟರಿ. ಈ ಸರ್ಕ್ಯೂಟ್ ಎಳೆಯುವುದು ಸುಮಾರು ಒಂದು ಮಿಲಿಆಂಪಿಯರ್ ಅಥವಾ ಅದಕ್ಕೂ ಕಡಿಮೆ, ಆದ್ದರಿಂದ ವಾರಕ್ಕೊಂದೆರಡು ಕಾರ್ಯಕ್ರಮವಿದ್ದರೂ ಒಂದು ಬ್ಯಾಟರಿ ತಿಂಗಳುಗಟ್ಟಲೆ ಬಾಳುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಇನ್‌ಪುಟ್ ಜ್ಯಾಕ್‌ನಿಂದ ಕೇಬಲ್ ಕೀಳುವುದನ್ನು ಮಾತ್ರ ಮರೆಯಬೇಡಿ. ಬ್ಯಾಟರಿಯ ಸ್ವಿಚ್ ಇರುವುದು ಅಲ್ಲಿಯೇ. ಕಾಲಿನ ಸ್ವಿಚ್ಚನ್ನು ಆರಿಸಿದರೆ ಬ್ಯಾಟರಿ ಆರುವುದಿಲ್ಲ. ನನಗಂತೂ ಆಲ್ಕಲೈನ್‌ಗಿಂತ ಸಾದಾ ಕಾರ್ಬನ್ ಜಿಂಕ್ ಬ್ಯಾಟರಿಯಲ್ಲಿ ಈ ಫಜ್‌ಗಳ ದನಿ ಮೆತ್ತಗಿರುತ್ತದೆ ಎನಿಸುತ್ತದೆ. ಬೆಸುಗೆಕಡ್ಡಿಯವರು ನಗಬಹುದು.

ಆರು_ತಂತಿ

ನಿನ್ನೆ ರಾತ್ರಿ ಪರೀಕ್ಷೆ ಮಾಡಿದೆ. ಡಿಲೇ ಮತ್ತು ರಿವರ್ಬ್‌ಗಳನ್ನು ಹಳೆಯ ಅಡಾಪ್ಟರ್‌ಗಳಿಗೆ ಹಾಕಿದ ಕೂಡಲೇ ಕೀರಲು ಸದ್ದು ನಿಂತುಹೋಯಿತು. ರಿವರ್ಬ್ ಒಂದನ್ನೇ ಮತ್ತೆ ಚೈನ್‌ಗೆ ತಂದರೆ ಮರಳಿ ಬಂತು, ಡಿಲೇ ಒಂದನ್ನೇ ತಂದರೆ ಇನ್ನೂ ಜೋರಾಗಿ ಬಂತು. ಅಡಾಪ್ಟರ್‌ನ ವೋಲ್ಟೇಜ್ 9.2 ಇದೆ. ಫಜ್‌ನೊಳಗೆ ಎಸಿ 128 ಇರುವುದನ್ನು ಗೆಳೆಯರು ಫೋನಿನಲ್ಲಿ ಖಚಿತಪಡಿಸಿದರು, ಬ್ಯಾಟರಿ ಹಾಕಿದ ಮೇಲೆ ಅದು ಸರಿಯಾಗಿ ಕೆಲಸ ಮಾಡುತ್ತಿದೆ.

ಹಾಗಾದರೆ ಈಗ ಮೂರು ಅಡಾಪ್ಟರ್‌ಗಳು ಮತ್ತು ಒಂದು ಬ್ಯಾಟರಿ. ಏಳಕ್ಕಿಂತ ಮೂರು ಮೇಲು. ಆದರೂ ಒಂದೇ ಪೆಟ್ಟಿಗೆಯ ಆಸೆ ಬಿಟ್ಟಿಲ್ಲ. ಅಂತರ್ಜಾಲದಲ್ಲಿ ಹತ್ತು ಔಟ್‌ಪುಟ್‌ಗಳ, "ಪ್ರತ್ಯೇಕಿತ" ಎಂದು ಬರೆದಿರುವ ಅಗ್ಗದ ಪೆಟ್ಟಿಗೆಗಳು ಕಾಣುತ್ತಿವೆ. ಅವನ್ನು ನಂಬಬಹುದೇ? ಅಮೆರಿಕದಲ್ಲಿರುವ ಅಕ್ಕ ದೀಪಾವಳಿಗೆ ಬರುವವರಿದ್ದಾರೆ, ಅಲ್ಲಿಂದ ತರಿಸಿದರೆ ಒಳ್ಳೆಯದೇ?

ಬೆಸುಗೆಕಡ್ಡಿ

ಬರಹವನ್ನು ನಂಬಬೇಡಿ, ಮೀಟರನ್ನು ನಂಬಿ. ಪೆಟ್ಟಿಗೆಯನ್ನು ಗೋಡೆಯ ಸಾಕೆಟ್‌ನಿಂದ ತೆಗೆದು, ಯಾವ ಪೆಡಲನ್ನೂ ಜೋಡಿಸದೆ, ಮಲ್ಟಿಮೀಟರನ್ನು ಬೀಪ್ ಸದ್ದಿನ ಸ್ಥಾನಕ್ಕೆ ತಿರುಗಿಸಿ, ಒಂದು ಔಟ್‌ಪುಟ್‌ನ ನೆಗೆಟಿವ್‌ಗೂ ಇನ್ನೊಂದರ ನೆಗೆಟಿವ್‌ಗೂ ಕಡ್ಡಿಗಳನ್ನು ಮುಟ್ಟಿಸಿ. ಬೀಪ್ ಎಂದರೆ ಅವೆರಡೂ ಒಳಗೆ ಒಂದೇ ತಂತಿ. ಹೊರಗೆ ಹತ್ತು ಸಾಕೆಟ್‌ಗಳಿರುವ ಡೈಸಿ ಚೈನನ್ನೇ ನಿಮಗೆ ಮಾರಿದ್ದಾರೆ. ಪ್ರತಿ ಔಟ್‌ಪುಟ್‌ಗೂ ಶಾರ್ಟ್ ಆಗದಂತೆ ಬಿಡಿ ರಕ್ಷಣೆ ಕೊಟ್ಟದ್ದನ್ನೇ ಪ್ರತ್ಯೇಕ ಎಂದು ಕರೆದು ಮಾರುವುದು ಈ ಅಗ್ಗದ ಪೆಟ್ಟಿಗೆಗಳಲ್ಲಿ ಅಪರೂಪವಲ್ಲ. ಆದ್ದರಿಂದ ಹಿಂದಿರುಗಿಸುವ ಅವಕಾಶವಿರುವ ಕಡೆಯಿಂದ ಮಾತ್ರ ಕೊಳ್ಳಿ.

ನಿಜವಾದ ಪ್ರತ್ಯೇಕತೆಗೆ ಎರಡು ದಾರಿಗಳಿವೆ. ಒಂದು, ದಪ್ಪ ಟ್ರಾನ್ಸ್‌ಫಾರ್ಮರ್‌ನ ಮೇಲೆ ಪ್ರತಿ ಔಟ್‌ಪುಟ್‌ಗೂ ಬೇರೆಯದೇ ತಂತಿಸುತ್ತು, ಬೇರೆಯದೇ ರೆಗ್ಯುಲೇಟರ್. ವೂಡೂ ಲ್ಯಾಬ್‌ನ ಪೆಡಲ್ ಪವರ್ 2 ಪ್ಲಸ್ ಇಂಥದ್ದು, ಎಂಟು ಔಟ್‌ಪುಟ್‌ಗಳು. ಅಕ್ಕ ತರುವುದಾದರೆ ಎಚ್ಚರವಿರಬೇಕಾದದ್ದು ಇಲ್ಲಿಯೇ. ಅದರ ಅಮೆರಿಕದ ಆವೃತ್ತಿ 120 ವೋಲ್ಟ್‌ನದು, ನಮ್ಮ 230ಕ್ಕೆ ನೇರವಾಗಿ ಚುಚ್ಚಿದರೆ ಅಷ್ಟೇ ಕಥೆ. ಇನ್ನೊಂದು ದಾರಿ ಸ್ವಿಚಿಂಗ್ ತಂತ್ರದ್ದು. ಸ್ಟ್ರೈಮನ್‌ನ ಜೂಮಾಗೆ ತಲಾ 500 ಮಿಲಿಆಂಪಿಯರ್‌ನ ಒಂಬತ್ತು ಔಟ್‌ಪುಟ್‌ಗಳಿವೆ, ಸಿಯಾಕ್ಸ್ ಡಿಸಿ 7ಕ್ಕೆ ತಲಾ 660ರ ಏಳು. ಇವೆರಡೂ 100ರಿಂದ 240 ವೋಲ್ಟ್‌ವರೆಗೆ ಎಲ್ಲಿಯಾದರೂ ನಡೆಯುತ್ತವೆ. ನಿಮ್ಮ ಲೆಕ್ಕಕ್ಕೆ ಇವು ಹೆಚ್ಚಾಯಿತು. 300 ಮಿಲಿಆಂಪಿಯರ್ ಕೇಳುವ ಬಿಗ್‌ಸ್ಕೈಯಂಥ ರಿವರ್ಬ್ ಇದ್ದಿದ್ದರೆ ಬೇರೆ ಮಾತು, ಅದನ್ನು 100ರ ಸಾಕೆಟ್‌ಗೆ ಹಾಕಿದರೆ ಅದು ಎದ್ದೇಳುವುದೇ ಇಲ್ಲ. ನಿಮಗೆ ನಾಲ್ಕು ಪ್ರತ್ಯೇಕ ಔಟ್‌ಪುಟ್‌ಗಳು ಸಾಕು: ಒಂದರಲ್ಲಿ ನಾಲ್ಕು ಕವಲಿನ ಚೈನ್ ಹಾಕಿ ಟ್ಯೂನರ್, ಓವರ್‌ಡ್ರೈವ್, ಡಿಸ್ಟಾರ್ಷನ್, ಕೋರಸ್, ಒಂದು ಡಿಲೇಗೆ, ಒಂದು ರಿವರ್ಬ್‌ಗೆ, ಬೇಕಿದ್ದರೆ ಒಂದು ಫಜ್‌ಗೆ.

ಬೆಸುಗೆ ಹಾಕಲು ಬರುವವರಿಗೆ ಇನ್ನೊಂದು ಅಗ್ಗದ ದಾರಿ ಉಂಟು. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಬಿ 0909 ಎಸ್ ಎಂಬ, ಬೆರಳ ತುದಿಯಷ್ಟು ದೊಡ್ಡ, ಒಂದು ವ್ಯಾಟ್‌ನ ಪ್ರತ್ಯೇಕಕ ಮಾಡ್ಯೂಲ್ ಕೇಳಿ ನೋಡಬಹುದು. 9 ವೋಲ್ಟ್ ಒಳಗೆ, ಬೇರೆ ಗ್ರೌಂಡ್‌ನ 9 ವೋಲ್ಟ್ ಹೊರಗೆ. 65ರ ಡಿಲೇಗೆ ಹೊಂದುತ್ತದೆ, 100ರ ರಿವರ್ಬ್‌ಗೆ ತೀರ ಬಿಗಿಯಾಗುತ್ತದೆ. ಕಡಿಮೆ ಹೊರೆಯಿದ್ದರೆ ಅದರ ವೋಲ್ಟೇಜ್ 9ಕ್ಕಿಂತ ಮೇಲೇರುತ್ತದೆ, ಹಾಗೂ ಫಿಲ್ಟರ್ ಹಾಕದಿದ್ದರೆ ಅದೇ ಒಂದು ಹೊಸ ಸದ್ದಿನ ಮೂಲವಾಗುತ್ತದೆ.

ವೇದಿಕೆಯ_ಹಿಂದೆ

ನಾನು ಧ್ವನಿವ್ಯವಸ್ಥೆಯವನು, ಪೆಡಲ್‌ಗಳ ಒಳಗಿನ ವಿಷಯ ನನಗೆ ಹೆಚ್ಚು ತಿಳಿಯದು. ಆದರೆ ಪ್ರಶ್ನೆ ಕೇಳಿದವರು ಗಣಪತಿ ಪೆಂಡಾಲ್‌ನಲ್ಲಿ ಜನರೇಟರ್ ಮೇಲೆ ನುಡಿಸುವವರಾದ್ದರಿಂದ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಮನೆಯಲ್ಲಿ ಎಲ್ಲ ಸದ್ದೂ ಅಡಗಿದ ಮೇಲೆಯೂ ವೇದಿಕೆಯಲ್ಲಿ ಗುಂಯ್ ಎಂಬುದು ಬಂದರೆ, ಯಾರಾದರೂ ಬಂದು ಆಂಪ್‌ನ ಮೂರು ಪಿನ್‌ಗಳಲ್ಲಿ ಅರ್ಥ್ ಪಿನ್ ಮುರಿದುಹಾಕಿ ಎಂದು ಸಲಹೆ ಕೊಡುತ್ತಾರೆ. ಸದ್ದು ಹೋಗುವುದೂ ನಿಜ. ಆದರೆ ಗಿಟಾರ್ ತಂತಿಯನ್ನು ಹಿಡಿದು ಮೈಕ್‌ಗೆ ತುಟಿ ಮುಟ್ಟಿಸುವ ಹಾಡುಗಾರನಿಗೆ, ಆಂಪ್‌ನೊಳಗೆ ಏನಾದರೂ ಕೆಟ್ಟ ದಿನ, ಆ ಪಿನ್ ಒಂದೇ ಪ್ರಾಣ ಉಳಿಸುವಂಥದ್ದು. ಮಿಕ್ಸರ್ ಮತ್ತು ಆಂಪ್ ನಡುವಿನ ಗ್ರೌಂಡ್ ಸುತ್ತನ್ನು ಬಿಡಿಸಲು ವಾದ್ಯವನ್ನು ಮಿಕ್ಸರ್‌ಗೆ ಜೋಡಿಸುವ ಡಿಐ ಪೆಟ್ಟಿಗೆಯಲ್ಲಿ ಗ್ರೌಂಡ್ ಲಿಫ್ಟ್ ಸ್ವಿಚ್ ಇದೆ, ಅದನ್ನು ಬಳಸಲು ಹೇಳಿ.

ಇನ್ನೊಂದು ವಿಷಯ: ಎರಡು ಪಿನ್‌ನ ಹಗುರ ಅಡಾಪ್ಟರ್‌ಗಳಿದ್ದಾಗ ಗಿಟಾರ್ ತಂತಿ ಮುಟ್ಟಿದರೆ ಜುಂ ಎನ್ನುತ್ತದೆಂದು ಹಲವರು ದೂರುತ್ತಾರೆ. ಅಂಥ ಅಡಾಪ್ಟರ್‌ಗಳೊಳಗೆ ಸದ್ದು ತಡೆಯಲೆಂದೇ ಇಟ್ಟ ಒಂದು ಪುಟ್ಟ ಕೆಪಾಸಿಟರ್‌ನ ಮೂಲಕ ಅತಿ ಸಣ್ಣ ಸೋರಿಕೆ ಇರುತ್ತದೆ. ಆಂಪ್‌ಗೆ ಸರಿಯಾದ ಅರ್ಥಿಂಗ್ ಇದ್ದರೆ ಅದು ಅಲ್ಲಿಗೆ ಹರಿದುಹೋಗುತ್ತದೆ, ಕೈಗೆ ತಿಳಿಯುವುದಿಲ್ಲ. ಹಾಗಾಗಿ ಜುಂ ಎನ್ನುತ್ತಿದೆ ಎಂದರೆ ಆ ವೇದಿಕೆಯ ಅರ್ಥಿಂಗ್ ಕೆಲಸ ಮಾಡುತ್ತಿಲ್ಲವೆಂದು ತಿಳಿಯಿರಿ. ನಾನು ಕಾರ್ಯಕ್ರಮಕ್ಕೆ ಮೊದಲು ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಗಿಟಾರ್ ತಂತಿ ಮತ್ತು ಮೈಕ್‌ನ ಜಾಲರಿಯ ನಡುವೆ ಇಟ್ಟು ನೋಡುತ್ತೇನೆ. ಹತ್ತಾರು ವೋಲ್ಟ್ ತೋರಿಸಿದರೆ ಜನರೇಟರ್‌ನವರನ್ನು ಕರೆಸದೆ ಯಾರನ್ನೂ ಮೈಕ್ ಹತ್ತಿರ ಬಿಡುವುದಿಲ್ಲ.

ಆರು_ತಂತಿ

ಎಲ್ಲರಿಗೂ ಧನ್ಯವಾದಗಳು. ಸದ್ಯಕ್ಕೆ ಮೂರು ಅಡಾಪ್ಟರ್‌ಗಳನ್ನು ಹಲಗೆಯ ಅಡಿಯಲ್ಲಿ ಒಂದು ಸಣ್ಣ ಎಕ್ಸ್‌ಟೆನ್ಷನ್ ಬೋರ್ಡಿಗೆ ಕಟ್ಟಿ, ಹೊರಗೆ ಒಂದೇ ಪ್ಲಗ್ ಬರುವಂತೆ ಮಾಡಿಕೊಂಡಿದ್ದೇನೆ. ನೋಡುವವರಿಗೆ ಒಂದೇ ಸಪ್ಲೈ, ಒಳಗೆ ಮೂರು ಬಿಡಿ ಸಂಸಾರ. ಅರಸೀಕೆರೆಯ ಆರತಕ್ಷತೆಯಲ್ಲಿ ಮೊನ್ನೆ ನುಡಿಸಿದೆ, ಡಿಸ್ಟಾರ್ಷನ್ ಒತ್ತಿಟ್ಟು ಸುಮ್ಮನೆ ನಿಂತರೂ ಕೀರಲು ಸದ್ದಿಲ್ಲ. ಚೈನ್‌ನ ಎಂಟು ಕವಲುಗಳಲ್ಲಿ ನಾಲ್ಕು ಖಾಲಿ ನೇತಾಡುತ್ತಿವೆ, ಅಷ್ಟೇ.

ಬೆಸುಗೆಕಡ್ಡಿ

ಆ ನಾಲ್ಕಕ್ಕೂ ಈಗಲೇ ಇನ್ಸುಲೇಷನ್ ಟೇಪ್ ಸುತ್ತಿ. ಮೊದಲೇ ಹೇಳಿದಂತೆ ಅವುಗಳ ಹೊರಮೈಯೇ ಪಾಸಿಟಿವ್. ಪಕ್ಕದ ಪೆಡಲ್‌ನ ಲೋಹದ ಮೈ ಅಥವಾ ಪ್ಯಾಚ್ ಕೇಬಲ್‌ನ ಜ್ಯಾಕ್‌ಗೆ ಒಂದು ತಗುಲಿದರೂ ಫಜ್ ಮಾಡಿದ ಶಾರ್ಟನ್ನೇ ಅದು ಮತ್ತೆ ಮಾಡುತ್ತದೆ, ಮತ್ತು ಅದು ತಗುಲುವುದು ಮನೆಯಲ್ಲಲ್ಲ, ನೀವು ಸೋಲೋ ನುಡಿಸಲು ಕಾಲಿಟ್ಟಾಗ.